ಇಳಿವಯಸ್ಸಿನ ಪುನರ್ವಿವಾಹ: ಆಸ್ತಿ ಮತ್ತು ಪಿಂಚಣಿಯ ವಿಚಾರ

ಅರವತ್ತು ದಾಟಿದ ವಿಧವೆಯಾಗಲಿ ವಿಧುರನಾಗಲಿ ಮತ್ತೆ ಜೊತೆಯೊಂದನ್ನು ಬಯಸಿದಾಗ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ಈ ವಯಸ್ಸಿನಲ್ಲಿ ಇದೇನು?’ ಎಂಬುದು. ಎರಡನೆಯ ಮಾತು ಅಷ್ಟು ಬಹಿರಂಗವಾಗಿ ಬರುವುದಿಲ್ಲ. ಅದು ಮನೆ, ಹೊಲ, ಪಿಂಚಣಿಗಳ ಮಾತು. ಇದೇ ಹೆಚ್ಚು ಬಲವಾದ ಅಡ್ಡಿಯೆಂದು ನಮಗೆ ತೋರುವುದರಿಂದ, ಹಿಂದೂ ಕಾನೂನಿಗೆ ಒಳಪಟ್ಟವರ ಮಟ್ಟಿಗೆ ಇದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅವರೊಳಗೆ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ವಿಧವೆಯರು. ಪುರುಷರಲ್ಲಿ ವಿಧುರರ ಪ್ರಮಾಣ ಇದಕ್ಕಿಂತ ಬಹಳ ಕಡಮೆ. ಗಂಡನು ಹೆಂಡತಿಗಿಂತ ಹಿರಿಯನಾಗಿರಬೇಕೆಂಬ ರೂಢಿ, ಸ್ತ್ರೀಯರ ದೀರ್ಘತರ ಆಯುಷ್ಯ, ಪುರುಷರು ಸುಲಭವಾಗಿ ಮರುಮದುವೆಯಾಗುವುದು, ಈ ಮೂರೂ ಇದಕ್ಕೆ ಕಾರಣಗಳು. ಹೀಗಿದ್ದರೂ, ಅಹಮದಾಬಾದಿನಲ್ಲಿ ನಟುಭಾಯಿ ಪಟೇಲರು ಏರ್ಪಡಿಸುತ್ತ ಬಂದಂಥ ಹಿರಿಯರ ಪರಿಚಯ ಸಮ್ಮೇಳನಗಳಿಗೆ ಬರುವವರಲ್ಲಿ ಪುರುಷರೇ ಅಧಿಕ. ಜೊತೆಯಿಲ್ಲದವರಲ್ಲಿ ಹೆಚ್ಚಿನವರು ಸ್ತ್ರೀಯರು, ಜೊತೆಯನ್ನರಸಿ ಹೊರಡುವವರಲ್ಲಿ ಹೆಚ್ಚಿನವರು ಪುರುಷರು. ಈ ವೈಪರೀತ್ಯಕ್ಕೆ ಲಜ್ಜೆಯೊಂದೇ ಕಾರಣವೆನ್ನುವುದು ಸರಿಯಲ್ಲ.

ಪುನರ್ವಿವಾಹವಾದ ವಿಧವೆ ಮೊದಲ ಗಂಡನ ಆಸ್ತಿಯನ್ನು ಕಳೆದುಕೊಳ್ಳುತ್ತಾಳೆಂಬ ನಂಬಿಕೆ ಇಂದಿಗೂ ಪ್ರಬಲವಾಗಿದೆ. ಇದಕ್ಕೆ ಆಧಾರವಿಲ್ಲದಿಲ್ಲ. 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯಿದೆ ಮದುವೆಗೆ ದಾರಿ ತೆರೆಯಿತಾದರೂ, ಅದರ ಎರಡನೆಯ ಪ್ರಕರಣವು ಗಂಡನ ಆಸ್ತಿಯಲ್ಲಿ ಜೀವನಾಂಶವಾಗಿಯೋ ಉತ್ತರಾಧಿಕಾರವಾಗಿಯೋ ಆಕೆಗಿದ್ದ ಹಕ್ಕನ್ನು, ಆಕೆ ಆ ಕ್ಷಣದಲ್ಲಿ ಸತ್ತಳೋ ಎಂಬಂತೆ, ಕೊನೆಗಾಣಿಸುತ್ತಿತ್ತು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದ ಸುಧಾರಣೆಯಿದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಹದಿನಾಲ್ಕನೆಯ ಪ್ರಕರಣ ಸ್ತ್ರೀಯ ಸ್ವತ್ತನ್ನು ಪೂರ್ಣಸ್ವಾಮ್ಯದ ಸ್ವತ್ತನ್ನಾಗಿ ಮಾಡಿತು. ಹಳೆಯ ಕಾಯಿದೆಯೇ 1983ರಲ್ಲಿ ರದ್ದಾಯಿತು. ಗಂಡನ ಮರಣಾನಂತರ ಪಾಲು ಪಡೆದವಳು ಬಳಿಕ ಮದುವೆಯಾದರೂ ಆ ಪಾಲು ಆಕೆಯದೇ ಎಂದು 2008ರಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಮನೆಯವರ ಮಾತು ಇನ್ನೂ ಬಿಟ್ಟುಕೊಟ್ಟಿಲ್ಲ.

ಮಕ್ಕಳ ಆತಂಕವಾದರೋ ಪೂರ್ತಿ ಹುಸಿಯಲ್ಲ. ಸ್ವಯಾರ್ಜಿತ ಮನೆಯೊಂದನ್ನುಳ್ಳ, ಇಬ್ಬರು ಮಕ್ಕಳ ತಂದೆಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ತಾಯಿಯೂ ಹೆಂಡತಿಯೂ ಗತಿಸಿರುವ ಆತ ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಮಕ್ಕಳಿಗೆ ಅರ್ಧರ್ಧ. ಮರುಮದುವೆಯಾಗಿ ತೀರಿಕೊಂಡರೆ ಹೊಸ ಹೆಂಡತಿಯೂ ಪ್ರಥಮ ವರ್ಗದ ವಾರಸುದಾರಳಾದ್ದರಿಂದ ಮೂವರಿಗೂ ಮೂರನೆಯ ಒಂದೊಂದು ಪಾಲು. ಇದಕ್ಕೆ ಪರಿಹಾರ ಮೃತ್ಯುಪತ್ರ. ಇಬ್ಬರು ಸಾಕ್ಷಿಗಳ ಸಮಕ್ಷಮದ ರುಜು ಅದಕ್ಕೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕ್ರೈಸ್ತರು ಬರೆದಿಟ್ಟ ಮೃತ್ಯುಪತ್ರ ಅನಂತರದ ಮದುವೆಯಿಂದ ರದ್ದಾಗುತ್ತದೆ, ಹಿಂದೂವಿನದು ರದ್ದಾಗುವುದಿಲ್ಲ. ಹತ್ತು ವರ್ಷದ ಹಿಂದೆ ಎಲ್ಲವನ್ನೂ ಮಕ್ಕಳಿಗೆ ಬರೆದು ಮರೆತವನ ಹೊಸ ಹೆಂಡತಿ, ಆತನ ಕಡೆಗಾಲದಲ್ಲಿ ಶುಶ್ರೂಷೆ ಮಾಡಿದವಳು, ಮನೆಯಲ್ಲಿ ಪಾಲಿಲ್ಲದೆ ಉಳಿಯಬಹುದು. ಮಕ್ಕಳ ಭಯವನ್ನು ಎಲ್ಲರೂ ಆಡುತ್ತಾರೆ, ಈಕೆಯ ಭಯವನ್ನು ಆಡುವವರು ವಿರಳ. ಜೀವಿತಾವಧಿಯ ವಾಸದ ಹಕ್ಕನ್ನು ಆಕೆಗೂ ಅನಂತರದ ಸ್ವಾಮ್ಯವನ್ನು ಮಕ್ಕಳಿಗೂ ಬರೆದಿಡುವುದು ಸಾಧ್ಯವಿದೆ; ಮದುವೆಗೆ ಮುನ್ನವೇ ಈ ಮಾತಾಗುವುದು ಲೇಸೆಂದು ನಮ್ಮ ಅಭಿಪ್ರಾಯ.

ಇನ್ನು ಪಿಂಚಣಿ. ಇಲ್ಲಿ ಕಾನೂನು ಇನ್ನೂ ಬಿಗಿಯಾಗಿಯೇ ಇದೆ. ಕೇಂದ್ರ ಸರ್ಕಾರದ ನೌಕರರ ನಿಯಮಗಳಂತೆ ಕುಟುಂಬ ಪಿಂಚಣಿ ವಿಧವೆಗೆ ಅಥವಾ ವಿಧುರನಿಗೆ ಸಲ್ಲುವುದು ಮರಣದವರೆಗೆ ಇಲ್ಲವೆ ಪುನರ್ವಿವಾಹದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಆರನೆಯ ವೇತನ ಆಯೋಗದ ಬಳಿಕ ಮಕ್ಕಳಿಲ್ಲದ ವಿಧವೆಗೆ, ಆಕೆಯ ಇತರ ಆದಾಯ ನಿಗದಿತ ಮಿತಿಯೊಳಗಿದ್ದರೆ, ವಿನಾಯಿತಿ ದೊರೆತಿದೆ. ಸೈನಿಕರ ವಿಧವೆಯರಿಗೆ ಬೇರೆಯ ನಿಯಮಗಳಿವೆ. ಉಳಿದವರ ಪಾಲಿಗೆ, ತಿಂಗಳಿಗೊಮ್ಮೆ ಬ್ಯಾಂಕಿಗೆ ಬರುವ ಆ ಹಣವೇ ಸೊಸೆಯ ಮುಂದೆ ಕೈಚಾಚದಂತೆ ಕಾಯುವ ಸಾಧನ. ಅದನ್ನು ಬಿಟ್ಟು, ತನಗಿಂತ ಮೊದಲೇ ಸಾಯಬಹುದಾದ ಇನ್ನೊಬ್ಬ ವೃದ್ಧನ ಆಶ್ರಯಕ್ಕೆ ಹೋಗೆಂದರೆ ಆಕೆ ಹಿಂಜರಿಯುವುದು ಅವಿವೇಕವಲ್ಲ.

ಆದಕಾರಣವೇ ಕೆಲವರು ವಿವಾಹವಿಲ್ಲದ ಸಹಜೀವನವನ್ನು ಆರಿಸಿಕೊಳ್ಳುತ್ತಾರೆ. ವಿವಾಹಸದೃಶವಾದ ಇಂಥ ಸಂಬಂಧದಲ್ಲಿರುವ ಸ್ತ್ರೀಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯುಂಟು. ಬರಿಯ ಸಹವಾಸದಿಂದ ಉತ್ತರಾಧಿಕಾರ ಮಾತ್ರ ತಾನಾಗಿ ಒದಗದು. ಅವರಿಗೂ ಮೃತ್ಯುಪತ್ರವೇ ಗತಿ. ಮದುವೆಯನ್ನೇ ಬಯಸುವವರು 1954ರ ವಿಶೇಷ ವಿವಾಹ ಕಾಯಿದೆಯಂತೆ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಮೂವತ್ತು ದಿನಗಳ ನೋಟೀಸು ಬೇಕು. ಅದು ಕಛೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆಂಬುದನ್ನು ಮಕ್ಕಳಿಗೆ ಇನ್ನೂ ತಿಳಿಸದವರು ನೆನಪಿಡತಕ್ಕದ್ದು.