ಧಾರಣೆ ಬೇರೆ, ದಕ್ಕುವ ಬೆಲೆ ಬೇರೆ: ಮೆಕ್ಕೆಜೋಳದ ಚೀಟಿಯಲ್ಲಿ ನ್ಯಾಯದ ಲೆಕ್ಕ

ದಾವಣಗೆರೆ ಜಿಲ್ಲೆಯ ವ್ಯಾಪಾರಕ್ಕೆ ಮೆಕ್ಕೆಜೋಳವು ಆಧಾರಸ್ತಂಭಗಳಲ್ಲೊಂದು. ಜಗಳೂರಿನ ಮಳೆಯಾಶ್ರಿತ ಹೊಲಗಳಿಂದ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಖುಷ್ಕಿ ಜಮೀನುಗಳವರೆಗೆ ಬೆಳೆಯುವ ಈ ಗೋವಿನಜೋಳವು ಕೋಳಿ ಆಹಾರ, ಪಿಷ್ಟ ಮತ್ತು ಎಥೆನಾಲ್ ಉದ್ಯಮಗಳಿಗೆ ಕಚ್ಚಾ ಸಾಮಗ್ರಿಯಾಗಿದೆ. ಇದನ್ನು ಬೆಳೆಯುವ ರೈತನಿಗೆ ಸಿಗುವ ಬೆಲೆ ನ್ಯಾಯಯುತವೇ ಎಂಬುದನ್ನು ಭಾವನೆಯಿಂದಲ್ಲದೆ ಲೆಕ್ಕದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2025ರ ಅನುಭವ

2025-26ನೇ ಸಾಲಿಗೆ ಕೇಂದ್ರ ಸರ್ಕಾರವು ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ ರೂ. 2,400 ಕನಿಷ್ಠ ಬೆಂಬಲ ಬೆಲೆ ಘೋಷಿಸಿತು. ಅದಕ್ಕೆ ಆಧಾರವಾಗಿ ಪರಿಗಣಿಸಿದ ಉತ್ಪಾದನಾ ವೆಚ್ಚ ರೂ. 1,508. ಆದರೆ ಬೆಳೆ ಪೇಟೆಗೆ ಬಂದ ನವೆಂಬರ್ ತಿಂಗಳಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ಧಾರಣೆ ರೂ. 1,600ರಿಂದ 1,800ರ ಆಸುಪಾಸಿಗೆ ಕುಸಿಯಿತು. ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಖರೀದಿಗಾಗಿ ಪ್ರಧಾನಿಯವರಿಗೆ ಪತ್ರ ಬರೆದರು.

ಈ ಕುಸಿತಕ್ಕೆ ಒಂದು ಕಾರಣ ಅಧಿಕ ಇಳುವರಿ. ಇನ್ನೊಂದು, ಎಥೆನಾಲ್ ಘಟಕಗಳಿಗೆ ಭಾರತೀಯ ಆಹಾರ ನಿಗಮದ ಅಕ್ಕಿಯು 2025ರ ಆರಂಭದಿಂದ ಕ್ವಿಂಟಾಲಿಗೆ ರೂ. 2,250ರ ದರದಲ್ಲಿ ದೊರೆತದ್ದು. ಬೆಂಬಲ ಬೆಲೆಗಿಂತಲೂ ಅಗ್ಗವಾಗಿ ಅಕ್ಕಿ ಸಿಗುವಾಗ ಘಟಕಗಳು ಜೋಳಕ್ಕೆ ಹೆಚ್ಚು ಕೊಡಲು ಮುಂದಾಗುವುದಿಲ್ಲ. ಈ ಎರಡು ಕಾರಣಗಳೂ ನಮ್ಮ ಸದಸ್ಯರ ಕೈಯಲ್ಲಿಲ್ಲ. ಆದರೆ ಧಾರಣೆಗೂ ರೈತನ ಕೈಗೆ ಬರುವ ಮೊತ್ತಕ್ಕೂ ನಡುವೆ ಇರುವ ಲೆಕ್ಕದ ಚೀಟಿ ಮಾತ್ರ ನಮ್ಮ ಕೈಯಲ್ಲೇ ಇದೆ.

ತೇವಾಂಶದ ಲೆಕ್ಕ

ಉತ್ತಮ ಸರಾಸರಿ ಗುಣಮಟ್ಟದ ಜೋಳದಲ್ಲಿ ತೇವಾಂಶದ ಮಿತಿ ಶೇ. 14. ಶೇ. 18 ತೇವಾಂಶವಿರುವ ಒಂದು ಕ್ವಿಂಟಾಲಿನಲ್ಲಿ ಒಣ ಪದಾರ್ಥ 82 ಕಿಲೋ. ಶೇ. 14ರ ಮಾನದಂಡದ ಕ್ವಿಂಟಾಲಿನಲ್ಲಿ 86 ಕಿಲೋ. 82ನ್ನು 86ರಿಂದ ಭಾಗಿಸಿದರೆ ಅದು 95.35 ಕಿಲೋ ಒಣ ಜೋಳಕ್ಕೆ ಸಮವೆಂದು ತಿಳಿಯುತ್ತದೆ. ಅಂದರೆ ನ್ಯಾಯವಾದ ತೂಕದ ಕಡಿತ 4.65 ಕಿಲೋ. ತೇವಾಂಶ ಶೇ. 16 ಇದ್ದರೆ 2.33 ಕಿಲೋ, ಶೇ. 20 ಇದ್ದರೆ 6.98 ಕಿಲೋ.

ಒಂದು ಉದಾಹರಣೆಯನ್ನು ಗಮನಿಸೋಣ. ಧಾರಣೆ ರೂ. 1,800, ತೇವಾಂಶ ಶೇ. 18 ಎಂದಿಟ್ಟುಕೊಂಡರೆ, ಸರಿಯಾದ ಕಡಿತದ ನಂತರ ರೈತನಿಗೆ ಬರಬೇಕಾದದ್ದು ರೂ. 1,716. ಅಂದಾಜಿನ ಮೇಲೆ 8 ಕಿಲೋ ಕಡಿತ ಮಾಡಿ, ಉಳಿದ ಮೊತ್ತದಲ್ಲಿ ಶೇ. 2 ಕಮಿಷನ್ ಮುರಿದುಕೊಂಡರೆ ಬರುವುದು ರೂ. 1,623. ಮೇಲ್ನೋಟಕ್ಕೆ ವ್ಯತ್ಯಾಸ 93 ರೂಪಾಯಿ ಮಾತ್ರ. ಆದರೆ ಮೇಲೆ ಹೇಳಿದ ಉತ್ಪಾದನಾ ವೆಚ್ಚದಂತೆ 95.35 ಕಿಲೋ ಒಣ ಜೋಳಕ್ಕೆ ತಗಲುವ ಖರ್ಚು ರೂ. 1,438. ಆದ್ದರಿಂದ ರೈತನ ಉಳಿತಾಯ ರೂ. 278ರಿಂದ ರೂ. 185ಕ್ಕೆ ಇಳಿಯುತ್ತದೆ. ಧಾರಣೆ ಒಂದು ರೂಪಾಯಿಯೂ ಬದಲಾಗದೆ ಅವನ ಉಳಿತಾಯದ ಮೂರನೇ ಒಂದು ಭಾಗ ಕರಗಿಹೋಯಿತು. 50 ಕ್ವಿಂಟಾಲು ತಂದವನಿಗೆ ಈ ನಷ್ಟ ರೂ. 4,650.

ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, 1966ರ ವ್ಯವಸ್ಥೆಯಲ್ಲಿ ಕಮಿಷನ್ ಖರೀದಿದಾರನ ಹೊಣೆಯೇ ಹೊರತು ರೈತನದಲ್ಲ ಎಂಬುದನ್ನು ಇಲ್ಲಿ ನೆನಪಿಸುವುದು ಸೂಕ್ತ.

ವ್ಯಾಪಾರಿಯ ಪಕ್ಷ

ವ್ಯಾಪಾರಿಯ ವಾದದಲ್ಲಿಯೂ ಹುರುಳಿದೆ. ಹಸಿ ಜೋಳವನ್ನು ಒಣಗಿಸಲು ಕೂಲಿ, ಜಾಗ ಮತ್ತು ಇಂಧನ ಬೇಕು. ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷದ ಭಯದಿಂದ ಕೋಳಿ ಆಹಾರದ ಕಾರ್ಖಾನೆಯವರು ಇಡೀ ಲಾರಿಯನ್ನೇ ತಿರಸ್ಕರಿಸಬಹುದು. ಈ ಖರ್ಚು ಮತ್ತು ಅಪಾಯವನ್ನು ಲೆಕ್ಕಕ್ಕೆ ಹಿಡಿಯುವುದು ತಪ್ಪಲ್ಲ. ತೂಕದ ಕಡಿತದೊಳಗೆ ಅಡಗಿಸುವುದು ತಪ್ಪು. ಲೆಕ್ಕಪತ್ರಗಳ ಪರಿಶೀಲನೆಯ ವೇಳೆ ‘ಇತರೆ ಕಡಿತ’ ಎಂಬ ಒಂದೇ ಸಾಲಿನ ಚೀಟಿಗಳನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಆ ಸಾಲು ಪ್ರಾಮಾಣಿಕ ವ್ಯಾಪಾರಿಯನ್ನೂ ಅನುಮಾನಕ್ಕೆ ಗುರಿಮಾಡುತ್ತದೆ.

ಹಣ ಪಾವತಿಯ ದಿನವೂ ಬೆಲೆಯ ಒಂದು ಭಾಗವೇ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ವಿಧಿಸಿದೆ. ಅವಧಿ ಮೀರಿದರೆ ಪಾವತಿಸಿದ ವರ್ಷದಲ್ಲಿ ಮಾತ್ರ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕೆಂಬ ನಿಯಮವನ್ನು 2023ರಲ್ಲಿ ಸೇರಿಸಲಾಯಿತು. ಈ ರಕ್ಷಣೆಯನ್ನು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಸ್ವಾಗತಿಸಿದ್ದಾರೆ. ಪ್ರಾಂಗಣದ ಹೊರಗೆ, ಕಣದಲ್ಲೇ ಜೋಳ ತೂಗಿಕೊಟ್ಟ ರೈತನಿಗೆ ಅಂತಹ ರಕ್ಷಣೆಯಿಲ್ಲ. ತಿಂಗಳಿಗೆ ಶೇ. 2ರ ಕೈಸಾಲ ತೀರಿಸಬೇಕಾದವನಿಗೆ ರೂ. 1,716 ಒಂದು ತಿಂಗಳು ತಡವಾದರೆ ಇನ್ನೂ 34 ರೂಪಾಯಿ ಹೋದಂತೆಯೇ.

ಹೊರಗಿನ ಒಂದು ನಿದರ್ಶನ

ಫ್ರಾನ್ಸ್ ದೇಶದಲ್ಲಿ ಮಾಂಸಕ್ಕಾಗಿ ದನ ಸಾಕುವ ರೈತರು ಬಹುಕಾಲ ಇದೇ ದೂರನ್ನು ಹೇಳುತ್ತಿದ್ದರು: ಅಂಗಡಿಯಲ್ಲಿ ಬೆಲೆ ಏರಿದರೂ ಕೊಟ್ಟಿಗೆಗೆ ಬರುವ ಹಣ ಏರುವುದಿಲ್ಲವೆಂದು. 2018ರಲ್ಲಿ ಅಲ್ಲಿ ಬಂದ ಕಾನೂನು ಬೆಲೆಯ ನಿಗದಿಯು ಉತ್ಪಾದನಾ ವೆಚ್ಚದಿಂದ ಆರಂಭವಾಗಬೇಕೆಂಬ ತತ್ವವನ್ನು ಮುಂದಿಟ್ಟಿತು. 2021ರ ಕಾನೂನು ರೈತ ಮತ್ತು ಮೊದಲ ಖರೀದಿದಾರನ ನಡುವೆ ಲಿಖಿತ ಒಪ್ಪಂದಕ್ಕೆ ಒತ್ತುಕೊಟ್ಟಿತು. ಕಾನೂನಿನಿಂದ ಎಲ್ಲವೂ ಸರಿಹೋಗಿಲ್ಲ; 2024ರ ಆರಂಭದಲ್ಲಿ ಅಲ್ಲಿನ ರೈತರು ಮತ್ತೆ ಟ್ರ್ಯಾಕ್ಟರುಗಳೊಡನೆ ರಸ್ತೆಗಿಳಿದರು. ಆದರೂ ಲೆಕ್ಕ ಬರವಣಿಗೆಯಲ್ಲಿರಬೇಕೆಂಬ ಅದರ ಪಾಠ ನಮಗೂ ಅನ್ವಯಿಸುತ್ತದೆ.

ನಾವು ಮಾಡಬಹುದಾದದ್ದು

1. ತೇವಾಂಶ ಮಾಪಕದ ಅಂಕಿಯನ್ನು ರೈತನೆದುರು ಓದಿ ಚೀಟಿಯಲ್ಲಿ ನಮೂದಿಸುವುದು. ಮೇಲಿನ ಸೂತ್ರದಂತೆ ಸಿದ್ಧಪಡಿಸಿದ ಕಡಿತದ ಪಟ್ಟಿಯನ್ನು ಅಂಗಡಿಯಲ್ಲಿ ತೂಗುಹಾಕುವುದು.

2. ಒಣಗಿಸುವ ಖರ್ಚು, ಹಮಾಲಿ, ಚೀಲ ಇವುಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯುವುದು.

3. ಹಣವನ್ನು ಅದೇ ದಿನ ಬ್ಯಾಂಕ್ ಖಾತೆಗೆ ಜಮಾ ಮಾಡುವುದು. ಸಾಧ್ಯವಾಗದಿದ್ದಲ್ಲಿ ದಿನಾಂಕವನ್ನು ಚೀಟಿಯಲ್ಲೇ ಕಾಣಿಸುವುದು.

ಇದು ದಾನಧರ್ಮದ ಮಾತಲ್ಲ. ಚನ್ನಗಿರಿಯ ಅಡಿಕೆ ತೋಟಗಳು ಹೊನ್ನಾಳಿ, ನ್ಯಾಮತಿಗಳ ಕಡೆಗೂ ವಿಸ್ತರಿಸುತ್ತಿರುವುದನ್ನು ಸದಸ್ಯರೆಲ್ಲರೂ ಕಂಡಿದ್ದಾರೆ. ಅಡಿಕೆ ಸಸಿ ನೆಟ್ಟ ಹೊಲ ಹಲವು ದಶಕಗಳ ಕಾಲ ಜೋಳಕ್ಕೆ ಮರಳುವುದಿಲ್ಲ. ನೀರಿಲ್ಲದ ಜಗಳೂರಿನ ರೈತನಿಗೆ ಆ ದಾರಿಯೂ ಸುಲಭವಲ್ಲ. ಅವನು ಸಾಲದಲ್ಲಿಯೇ ಉಳಿಯುತ್ತಾನೆ. ಒಬ್ಬನು ನಮ್ಮ ಪೇಟೆಯನ್ನು ಬಿಟ್ಟುಹೋಗುತ್ತಾನೆ, ಇನ್ನೊಬ್ಬನು ಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಎರಡೂ ನಮ್ಮ ವ್ಯಾಪಾರಕ್ಕೇ ನಷ್ಟ. ಮುಂದಿನ ಹಂಗಾಮಿನ ಮೊದಲ ಗಾಡಿ ಬರುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಚೀಟಿಯ ನಮೂನೆಯನ್ನು ಒಮ್ಮೆ ತೆರೆದು ನೋಡಬೇಕೆಂದು ವಿನಂತಿ.