ಓದದೆಯೇ ಸ್ಪ್ಯಾಮ್ ಹಿಡಿಯುವ ಬಗೆ

ಪ್ರಶ್ನೆ: ನಮ್ಮ ಸಂದೇಶಗಳನ್ನು ಓದುವುದಿಲ್ಲ ಎನ್ನುವ ವಾಟ್ಸ್‌ಆ್ಯಪ್, ಸ್ಪ್ಯಾಮ್ ಕಳಿಸುವವರನ್ನು ಹೇಗೆ ಪತ್ತೆ ಮಾಡುತ್ತದೆ? ಎಸ್‌ಎಂಎಸ್‌ಗೂ ಇದೇ ವ್ಯವಸ್ಥೆಯೇ?
– ಓದುಗರು, ಬಸವಕಲ್ಯಾಣ

ಉತ್ತರ: ಕಳಿಸುವವರ ನಡವಳಿಕೆ ನೋಡಿ ಪತ್ತೆ ಮಾಡುತ್ತದೆ. ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಫೋನಿನಲ್ಲೇ ಗೂಢಲಿಪಿಯಾಗಿ, ಪಡೆದವರ ಫೋನಿನಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ. ಹುಮನಾಬಾದ್ ಮೇಲೆ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸೀಲ್ ಹಾಕಿದ ಕಂಟೇನರ್ ಲಾರಿ ಹೊರಟಿದೆ ಎನ್ನಿ. ಒಳಗಿನ ಸರಕು ಕಾಣದು. ಆದರೆ ಲಾರಿಯ ನಂಬರು, ಅದು ದಿನಕ್ಕೆ ಎಷ್ಟು ಸಲ ಓಡಾಡಿತು ಎಂಬುದು ಗೊತ್ತಾಗುತ್ತದೆ. ಹಾಗೆಯೇ, ಹೊಸ ನಂಬರೊಂದು ಪರಿಚಯವಿಲ್ಲದ ನೂರಾರು ಜನರಿಗೆ ಒಮ್ಮೆಲೇ ಸಂದೇಶ ಕಳಿಸಿದರೆ, ಹಲವರು ಅದನ್ನು ಬ್ಲಾಕ್ ಮಾಡಿದರೆ ಕಂಪನಿಗೆ ಅನುಮಾನ ಬರುತ್ತದೆ. ನೀವು ‘ರಿಪೋರ್ಟ್’ ಒತ್ತಿದಾಗ ಆ ನಂಬರಿನಿಂದ ಬಂದ ಕೊನೆಯ ಐದು ಸಂದೇಶಗಳು ಕಂಪನಿಗೆ ತಲುಪುತ್ತವೆ. ಅವನ್ನು ಅದು ಓದಬಲ್ಲದು. ಆದ್ದರಿಂದ ಬರೀ ಬ್ಲಾಕ್ ಮಾಡುವುದಕ್ಕಿಂತ ರಿಪೋರ್ಟ್ ಕೂಡ ಮಾಡುವುದು ಒಳ್ಳೆಯದು.

ಎಸ್‌ಎಂಎಸ್‌ಗೆ ಇಂಥ ಸೀಲ್ ಇಲ್ಲ. ಅಲ್ಲಿ ಕಾವಲು ಕಾಯುವುದು ಮೊಬೈಲ್ ಕಂಪನಿಗಳು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದಂತೆ ಬ್ಯಾಂಕು, ಅಂಗಡಿಗಳು ತಮ್ಮ ಹೆಸರನ್ನೂ ಸಂದೇಶದ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕು. ಅದಕ್ಕೆ ಹೊಂದದ್ದು ದಾರಿಯಲ್ಲೇ ನಿಲ್ಲುತ್ತದೆ. 2025ರ ತಿದ್ದುಪಡಿಯ ನಂತರ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರವೂ ಇರುತ್ತದೆ: ‘ಪಿ’ ಜಾಹೀರಾತು, ‘ಎಸ್’ ಸೇವೆ, ‘ಟಿ’ ವಹಿವಾಟು, ‘ಜಿ’ ಸರ್ಕಾರ.

ಹೀಗಾಗಿ ‘ನಿಮ್ಮ ಖಾತೆ ಬಂದ್ ಆಗಲಿದೆ’ ಎಂಬ ಎಸ್‌ಎಂಎಸ್ ಇಂಥ ಹೆಸರಿನ ಬದಲು ಹತ್ತಂಕಿಯ ಸಾದಾ ನಂಬರಿನಿಂದ ಬಂದರೆ ಅದರ ಲಿಂಕ್ ಮುಟ್ಟಬೇಡಿ. ಏಳು ದಿನದೊಳಗೆ 1909ಕ್ಕೆ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.