ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳ ಶಾಲಾ ಶಿಕ್ಷಣ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾಗಿರುವ 21 ವಿಧಗಳಲ್ಲಿ ಬಹುವಿಧ ಅಂಗವೈಕಲ್ಯವೂ ಒಂದು. ಸದರಿ ಅಧಿನಿಯಮದ 31ನೇ ಪ್ರಕರಣದನ್ವಯ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವು ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯಲು ಹಕ್ಕುಳ್ಳದ್ದಾಗಿರುತ್ತದೆ.

ಎದ್ದು ಕಾಣುವ ಒಂದು ನ್ಯೂನತೆಯನ್ನಷ್ಟೇ ತಪಾಸಣೆಗೆ ಒಳಪಡಿಸಿ, ಅದು ಶೇ. 40 ತಲುಪದಿದ್ದಾಗ ಪೋಷಕರು ಅರ್ಜಿಯನ್ನೇ ಕೈಬಿಡುವುದುಂಟು. ಇದು ಸರಿಯಲ್ಲ. ಎರಡು ನ್ಯೂನತೆಗಳಿದ್ದಲ್ಲಿ ಹೆಚ್ಚಿನ ಪ್ರಮಾಣವನ್ನು 90ರಿಂದ ಕಳೆದು, ಉಳಿದುದನ್ನು ಕಡಿಮೆ ಪ್ರಮಾಣದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದುದನ್ನು ಹೆಚ್ಚಿನ ಪ್ರಮಾಣಕ್ಕೆ ಸೇರಿಸಲಾಗುತ್ತದೆ. ಉದಾಹರಣೆಗೆ, ಚಲನ ವೈಕಲ್ಯ ಶೇ. 30 ಮತ್ತು ದೃಷ್ಟಿದೋಷ ಶೇ. 30 ಇದ್ದಲ್ಲಿ ಒಟ್ಟು ಶೇ. 50 ಆಗುತ್ತದೆ (ನೇರವಾಗಿ ಕೂಡಿದ ಶೇ. 60 ಅಲ್ಲ). ಬಿಡಿಯಾಗಿ ಯಾವುದೂ ಸಾಲದಿದ್ದರೂ ಒಟ್ಟಾಗಿ ಮಗು ಅರ್ಹವಾಗುತ್ತದೆ. ಆದುದರಿಂದ ಯುಡಿಐಡಿ ಅರ್ಜಿಯಲ್ಲಿ ಎಲ್ಲ ನ್ಯೂನತೆಗಳನ್ನೂ ನಮೂದಿಸುವುದು ಅಗತ್ಯ.

ಶಿಕ್ಷಣ ಹಕ್ಕು ಅಧಿನಿಯಮಕ್ಕೆ 2012ರಲ್ಲಿ ತಂದ ತಿದ್ದುಪಡಿಯಂತೆ, ಬಹುವಿಧ ಅಥವಾ ತೀವ್ರ ವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಈ ಆಯ್ಕೆ ಮಗುವಿನದೇ ಹೊರತು ಶಾಲೆಯದಲ್ಲ. "ಮನೆಯಲ್ಲೇ ಕಲಿಸಿ" ಎಂದು ಶಾಲೆಯು ದಾಖಲಾತಿ ನಿರಾಕರಿಸಲು ಇದನ್ನು ಆಧಾರವಾಗಿಸಿಕೊಳ್ಳುವಂತಿಲ್ಲ.

ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ, ದ್ವಿತೀಯ ಮತ್ತು ತೃತೀಯ ಭಾಷೆಗಳ ವಿನಾಯಿತಿಗೆ 17ನೇ ಪ್ರಕರಣದಲ್ಲಿ ಅವಕಾಶವಿದೆ. ಪರೀಕ್ಷೆ ಸಮೀಪಿಸುವವರೆಗೆ ಕಾಯದೆ, ಶೈಕ್ಷಣಿಕ ವರ್ಷದ ಆರಂಭದಲ್ಲೇ ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಹೆಚ್ಚಿನ ಮಾರ್ಗದರ್ಶನಕ್ಕೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬಹುದು.